ಉಬ್ಬಿದ ಕಲೆಗೆ ತಿಮರೆ ಎಣ್ಣೆ: ಯಾವಾಗ, ಹೇಗೆ, ಎಲ್ಲಿಯವರೆಗೆ

ಅಡಿಕೆ ಸುಲಿಯುವ ಕತ್ತಿ ತಾಗಿದ್ದು, ರಬ್ಬರ್ ಟ್ಯಾಪಿಂಗ್ ಮಾಡುವಾಗ ಕತ್ತಿ ಜಾರಿದ್ದು, ಗೇರುಬೀಜ ಸುಡುವಾಗ ಸೊನೆ ಸಿಡಿದದ್ದು, ಸಿಸೇರಿಯನ್ನಿನ ಹೊಲಿಗೆ, ಕಿವಿಯ ಎರಡನೇ ತೂತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಉಬ್ಬಿದ ಕಲೆಗಳ ಮೂಲ ಹುಡುಕಿದರೆ ಹೆಚ್ಚಾಗಿ ಇಂಥದ್ದೇ ಏನಾದರೂ ಇರುತ್ತದೆ. ಗಾಯ ಕೂಡಿದೆ, ಹೊಲಿಗೆ ಬಿಚ್ಚಿ ಆಗಿದೆ. ಆದರೆ ಒಂದೆರಡು ತಿಂಗಳಲ್ಲಿ ಆ ಜಾಗ ಕೆಂಪಾಗಿ, ಗಟ್ಟಿಯಾಗಿ, ಹುರಿಹಗ್ಗದ ಹಾಗೆ ಎದ್ದು ನಿಲ್ಲುತ್ತದೆ, ಜೊತೆಗೆ ತುರಿಕೆ. ಆಗ ಒಬ್ಬರು ತಿಮರೆ (ಒಂದೆಲಗ) ಅರೆದು ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಸುಣ್ಣ ಹಚ್ಚಿ ಸುಟ್ಟುಬಿಡಿ ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಹುರುಳಿದೆ, ಅದೂ ಸರಿಯಾದ ಸಮಯಕ್ಕೆ ಹಚ್ಚಿದರೆ ಮಾತ್ರ. ಎರಡನೆಯದು ಇದ್ದ ಕಲೆಯನ್ನು ದುಪ್ಪಟ್ಟು ಮಾಡುವ ದಾರಿ.

ಮದ್ದಿಗೆ ಕೈ ಹಾಕುವ ಮೊದಲು ಕಲೆ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಹೈಪರ್‌ಟ್ರೋಫಿಕ್ ಎಂದು ವೈದ್ಯರು ಕರೆಯುವ ಕಲೆ ಗಾಯದ ಗಡಿಯೊಳಗೇ ಉಬ್ಬುತ್ತದೆ. ಗಾಯ ಕೂಡಿ 4ರಿಂದ 8 ವಾರಗಳಲ್ಲಿ ಕಾಣಿಸಿಕೊಂಡು, ಕೆಲವು ತಿಂಗಳು ಬೆಳೆದು, ಆಮೇಲೆ ಒಂದೆರಡು ವರ್ಷಗಳಲ್ಲಿ ತಾನಾಗಿ ತಗ್ಗುವುದೂ ಉಂಟು. ಕೀಲಾಯ್ಡ್ ಹಾಗಲ್ಲ. ಅದು ಗಾಯದ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಕಾಲು ಚಾಚುತ್ತದೆ; ಏಡಿಯ ಇಕ್ಕಳಗಾಲನ್ನು ಹೇಳುವ ಗ್ರೀಕ್ ಪದದಿಂದಲೇ ಆ ಹೆಸರು ಬಂದದ್ದು. ಗಾಯವಾಗಿ ಹಲವು ತಿಂಗಳ ಮೇಲೂ ಶುರುವಾಗಬಹುದು, ತಾನಾಗಿ ಇಳಿಯುವುದು ಅಪರೂಪ, ಬರೇ ಕತ್ತರಿಸಿ ತೆಗೆದರೆ ಅರ್ಧಕ್ಕಿಂತ ಹೆಚ್ಚು ಸಲ ಮತ್ತೆ ಬರುತ್ತದೆ. ಎದೆಯ ನಡುಮೂಳೆ, ಭುಜ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು, ಕಿವಿಯ ಹಾಲೆ ಇದರ ಮೆಚ್ಚಿನ ಜಾಗಗಳು. 10ರಿಂದ 30 ವರ್ಷದೊಳಗಿನವರಲ್ಲಿ, ಕಪ್ಪು ಮೈಬಣ್ಣದವರಲ್ಲಿ, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದವರಲ್ಲಿ ಹೆಚ್ಚು.

ಒಳಗೆ ನಡೆಯುವುದು ಇಷ್ಟು. ಗಾಯವನ್ನು ಬೆಸೆಯಲು ಚರ್ಮದ ಜೀವಕೋಶಗಳು ಕೊಲಾಜೆನ್ ಎಂಬ ನಾರನ್ನು ನೇಯುತ್ತವೆ. ಗಾಯ ಕೂಡಿದ ಮೇಲೆ ಆ ನೇಯ್ಗೆ ನಿಧಾನವಾಗಬೇಕು. ಉರಿಯೂತ ಮುಂದುವರಿದರೆ ಅದು ನಿಲ್ಲುವುದೇ ಇಲ್ಲ. ಸೋಂಕು, ಚರ್ಮದ ಎಳೆತ, ಗಾಯದೊಳಗೆ ಉಳಿದ ಕಸ, ಪದೇ ಪದೇ ಉಜ್ಜಾಟ, ಇವೆಲ್ಲ ಉರಿಯೂತವನ್ನು ಜೀವಂತ ಇಡುತ್ತವೆ. ಸುಟ್ಟಗಾಯ 3 ವಾರ ಮೀರಿ ತೆರೆದೇ ಇದ್ದರೆ ಅದು ಉಬ್ಬುತ್ತದೆಂದೇ ಎಣಿಸಿ ಮೊದಲೇ ಜಾಗ್ರತೆ ಮಾಡುವುದು ಒಳ್ಳೆಯದು.

ಹಳಬರಿಗೆ ಇದು ತಿಳಿಯದ ವಿಷಯವಲ್ಲ. ವಾಗ್ಭಟನ ಅಷ್ಟಾಂಗಹೃದಯ ಉತ್ತರಸ್ಥಾನದಲ್ಲಿ ಒಂಬತ್ತು ಬಗೆಯ ಗ್ರಂಥಿಗಳನ್ನು (ಗಂಟುಗಳನ್ನು) ಹೇಳುವಾಗ ವ್ರಣಗ್ರಂಥಿಯನ್ನೂ, ಅಂದರೆ ಗಾಯದ ಗಂಟನ್ನೂ, ಸೇರಿಸುತ್ತದೆ. ಗಾಯ ಕೂಡುವ ಮೊದಲು ಅಥವಾ ಆಗಷ್ಟೇ ಕೂಡಿದಾಗ ಪಥ್ಯ ಬಿಟ್ಟರೆ, ಒದ್ದೆ ಗಾಯಕ್ಕೆ ಪಟ್ಟಿ ಕಟ್ಟದೆ ಬಿಟ್ಟರೆ, ಅದೇ ಜಾಗಕ್ಕೆ ಮತ್ತೆ ಪೆಟ್ಟು ಬಿದ್ದರೆ ಉರಿ ಮತ್ತು ತುರಿಕೆಯ ಗಂಟು ಏಳುತ್ತದೆ ಎಂಬುದು ಅಲ್ಲಿಯ ವಿವರಣೆ. ಇಂದಿನ ಕೀಲಾಯ್ಡೇ ಅದು ಎಂದು ಗೆರೆ ಎಳೆದು ಹೇಳಬೇಕಾಗಿಲ್ಲ. ಆದರೆ ಗಂಟು ಏಳುವ ಕಾಲವನ್ನು ಆತ ಗುರುತಿಸಿದ್ದು ಸರಿಯಾಗಿದೆ: ಗಾಯ ಕೂಡುವ ಹೊತ್ತಿನ ಅಜಾಗ್ರತೆ. ಸೊಪ್ಪಿನ ಮದ್ದಿನ ಬಲವೂ ಆ ಹೊತ್ತಿನಿಂದ ಮೊದಲ ಆರೇಳು ತಿಂಗಳವರೆಗೆ. ಹತ್ತು ವರ್ಷದ ಕೀಲಾಯ್ಡಿಗೆ ಎಣ್ಣೆ ತಿಕ್ಕಿದರೆ ತುರಿಕೆ ತಗ್ಗೀತು, ಮೇಲಿನ ಚರ್ಮ ಮೆದುವಾದೀತು, ಗಂಟು ಕರಗುವುದಿಲ್ಲ.

ಈಗ ತಿಮರೆಗೆ ಬರೋಣ. ತುಳುವಿನಲ್ಲಿ ತಿಮರೆ, ಕನ್ನಡದಲ್ಲಿ ಒಂದೆಲಗ, ಮಲೆಯಾಳದಲ್ಲಿ ಕುಡಂಙಲ್ ಅಥವಾ ಮುತ್ತಿಳ್. ತಂಬುಳಿಗೆ, ಚಟ್ನಿಗೆ ಎಲ್ಲರ ಹಿತ್ತಿಲಲ್ಲೂ ಇರುವ ಗಿಡ. ಗಡಿಭಾಗದವರು ಇಲ್ಲಿ ಒಂದು ಎಡವಟ್ಟಿಗೆ ಸಿಕ್ಕಿಬೀಳುತ್ತಾರೆ. ಕರ್ನಾಟಕದ ಕಡೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುವ ವಾಡಿಕೆ ಇದೆ. ಕೇರಳದ ಅಂಗಡಿಯಲ್ಲಿ ಬ್ರಾಹ್ಮಿ ಕೇಳಿದರೆ ಕೊಡುವುದು ನೀರುಬ್ರಾಹ್ಮಿ: ಸಣ್ಣ, ದಪ್ಪ, ಉದ್ದುದ್ದ ಎಲೆಯ ಬೇರೆಯೇ ಗಿಡ. ಕಲೆಗೆ ಬೇಕಾದದ್ದು ಮೂತ್ರಪಿಂಡದ ಆಕಾರದ, ಅಂಚಿನಲ್ಲಿ ಸಣ್ಣ ಕಚ್ಚುಗಳಿರುವ, ತೊಟ್ಟು ಸೇರುವಲ್ಲಿ ಸೀಳಿರುವ, ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಹರಿಯುವ ಒಂದೆಲಗ. ಅಂಗಡಿಯಲ್ಲಿ ಕುಡಂಙಲ್ ಎಂದೇ ಕೇಳಿ.

ಸೊಪ್ಪು ಎಲ್ಲಿಂದ ಕೊಯ್ದದ್ದು ಎಂಬುದೂ ಮುಖ್ಯ. ಅಡಿಕೆ ತೋಟದ ಕಣಿಯಲ್ಲಿ ತಿಮರೆ ಸೊಂಪಾಗಿ ಬೆಳೆಯುತ್ತದೆ ನಿಜ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟ ಮೇಲೆ ಅದರ ಮೈಲುತುತ್ತ ಇಳಿದು ಬೀಳುವುದು ಅದೇ ಎಲೆಗಳ ಮೇಲೆ. ಮಳೆಗಾಲದಲ್ಲಿ ತೋಟದ ಸೊಪ್ಪನ್ನು ಚರ್ಮದ ಮದ್ದಿಗೆ ತೆಗೆಯಬೇಡಿ. ಹಿತ್ತಿಲಲ್ಲಿ ಒಂದು ಹಳೆಯ ಬಕೆಟಿನಲ್ಲೋ ಚಟ್ಟಿಯಲ್ಲೋ ಬೆಳೆಸಿದರೆ ಸಾಕು, ಬೇಗ ಹಬ್ಬುತ್ತದೆ.

ಈ ಗಿಡದ ಬಲ ಏಷಿಯಾಟಿಕೊಸೈಡ್, ಮೇಡೆಕಾಸೊಸೈಡ್ ಮೊದಲಾದ ಅಂಶಗಳಲ್ಲಿದೆ. ಗಾಯ ಕೂಡುವುದನ್ನು ಚುರುಕು ಮಾಡುವುದು, ಉರಿಯೂತ ತಗ್ಗಿಸುವುದು ಇವುಗಳ ಕೆಲಸ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆದರೆ ಇವು ಆಲ್ಕೊಹಾಲಿನಲ್ಲಿ ಕರಗುವಷ್ಟು ಎಣ್ಣೆಗೆ ಇಳಿಯುವುದಿಲ್ಲ. ಹಾಗಾಗಿ ಮನೆಯ ಎಣ್ಣೆ ಕಂಪೆನಿಯ ಸಾರ ಹಾಕಿದ ಕ್ರೀಮಿನಷ್ಟು ತೀಕ್ಷ್ಣವಲ್ಲ. ಎಣ್ಣೆಯ ಅರ್ಧ ಕೆಲಸ ಬೆರಳಿನದು. ತಿಕ್ಕುವ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಪಾಕವೂ ವ್ಯರ್ಥ.

ಪಾಕದ ಅಳತೆ. ಆಯುರ್ವೇದದ ಗ್ರಂಥಕಾರ ಶಾರ್ಙ್ಗಧರನ ಲೆಕ್ಕದಲ್ಲಿ ಎಣ್ಣೆಯ ನಾಲ್ಕು ಪಟ್ಟು ದ್ರವ. ದ್ರವ ಸೊಪ್ಪಿನ ಸ್ವರಸವಾದರೆ (ಹಿಂಡಿದ ರಸ) ಕಲ್ಕ, ಅಂದರೆ ಅರೆದ ಮುದ್ದೆ, ಎಣ್ಣೆಯ ಎಂಟನೇ ಒಂದು ಪಾಲು. ಮನೆಗೆ 200 ಮಿ.ಲೀ. ತೆಂಗಿನೆಣ್ಣೆ, 800 ಮಿ.ಲೀ. ತಿಮರೆ ರಸ, 25 ಗ್ರಾಂ ಅರೆದ ತಿಮರೆ ಎಂದಿಟ್ಟುಕೊಳ್ಳಿ. ಅಷ್ಟು ರಸಕ್ಕೆ ದಂಟು ಸಮೇತ ಒಂದೂವರೆಯಿಂದ ಎರಡು ಕಿಲೋ ಸೊಪ್ಪು ಬೇಕಾಗುತ್ತದೆ. ಮೂರು ನೀರಲ್ಲಿ ಮಣ್ಣು ಹೋಗುವಂತೆ ತೊಳೆದು, ನೀರಾರಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಸೊಪ್ಪು ಕಡಿಮೆ ಇದ್ದರೆ ರಸಕ್ಕೆ ನೀರು ಬೆರೆಸಿ ಅಳತೆ ತುಂಬಿಸುವ ಬದಲು ಎಣ್ಣೆಯನ್ನೇ ಕಡಿಮೆ ಮಾಡಿ. ಎಣ್ಣೆ ಗಾಣದ್ದಾಗಲಿ ತೆಂಗಿನಹಾಲು ಕಾಯಿಸಿ ತೆಗೆದದ್ದಾಗಲಿ ಆದೀತು, ಕನರು ವಾಸನೆ ಬಂದದ್ದು ಬೇಡ.

ಕಂಚಿನ ಉರುಳಿ ಅಥವಾ ದಪ್ಪ ತಳದ ಸ್ಟೀಲಿನ ಪಾತ್ರೆ ಹಿಡಿಯಿರಿ. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪಿನ ರಸ ಕಪ್ಪಾಗುತ್ತದೆ. ಎಣ್ಣೆ, ರಸ, ಕಲ್ಕ ಮೂರನ್ನೂ ಒಟ್ಟಿಗೆ ಹಾಕಿ ಕುದಿ ಬರುವವರೆಗೆ ನಡು ಉರಿ, ಆಮೇಲೆ ಸಣ್ಣ ಉರಿ. ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ ಇರಬೇಕು, ಕೊನೆಗೆ ನೊರೆ ಉಕ್ಕುತ್ತದೆ. ಮರದ ಸಟ್ಟುಗದಿಂದ ತಳ ಕೆರೆಯುತ್ತಾ ಇರಿ. ನೀರು ಹೋಗುವವರೆಗೆ ಹೆಚ್ಚು ಕೆಲಸವಿಲ್ಲ. ಕೊನೆಯ ಅರ್ಧ ಗಂಟೆ ಮಾತ್ರ ಒಲೆ ಬಿಟ್ಟು ಏಳಬಾರದು, ಎಣ್ಣೆ ಕೆಡುವುದು ಆಗಲೇ. ಮೊದಲು ಕಲ್ಕ ಕೆಸರಿನ ಹಾಗೆ ಇರುತ್ತದೆ, ಇದು ಮೃದುಪಾಕ. ಸ್ವಲ್ಪ ಹೊತ್ತಿಗೆ ಮೇಣದ ಹಾಗಾಗುತ್ತದೆ, ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ. ಆ ಬತ್ತಿಯನ್ನು ಬೆಂಕಿಗೆ ಹಿಡಿದಾಗ ಚಟಪಟ ಸದ್ದು ಬಾರದಿದ್ದರೆ ನೀರಿಲ್ಲ ಎಂದರ್ಥ. ಎಣ್ಣೆಯ ಮೇಲೆ ನೊರೆಯೂ ಎದ್ದಿರುತ್ತದೆ. ಇದು ಮಧ್ಯಮಪಾಕ, ಇಲ್ಲೇ ಇಳಿಸಿ. ಇನ್ನೂ ಬಿಟ್ಟರೆ ಕಲ್ಕ ಮರಳಿನ ಹಾಗೆ ಉದುರಾಗಿ ಖರಪಾಕವಾಗುತ್ತದೆ, ಅದರ ಮೇಲೆ ಕರಿ ವಾಸನೆ ಬಂದರೆ ಚೆಲ್ಲುವುದೇ. ಪಾತ್ರೆಯ ಬಿಸಿಗೂ ಪಾಕ ಒಂದಿಷ್ಟು ಮುಂದುವರಿಯುವುದರಿಂದ ಇಳಿಸಿದ ಕೂಡಲೇ ಸೋಸಿ. ನೀರು ಉಳಿದ ಎಣ್ಣೆ ಮಳೆಗಾಲದಲ್ಲಿ ಹದಿನೈದು ದಿನದೊಳಗೆ ಮಗ್ಗುತ್ತದೆ, ಅಂಥದ್ದನ್ನು ಮತ್ತೆ ಕಾಯಿಸಿ ಬಳಸಬೇಡಿ. ಒಣಗಿದ ಗಾಜಿನ ಬಾಟಲಿ, ತೇದಿ ಬರೆದ ಚೀಟಿ, ಹೆಚ್ಚೆಂದರೆ 6 ತಿಂಗಳು.

ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ಮೂರು ದಿನ ಹಚ್ಚಿ ನೋಡಿ. ತಿಮರೆ ಒಗ್ಗದ ಚರ್ಮವೂ ಇದೆ. ಕೆಂಪು, ಗುಳ್ಳೆ, ತುರಿಕೆ ಬಂದರೆ ಅಲ್ಲಿಗೆ ಬಿಡಿ, ಯಾಕೆಂದರೆ ಕಲೆಯ ಮೇಲೆ ಬರುವ ಅಲರ್ಜಿ ಕಲೆಯನ್ನೇ ಬೆಳೆಸುತ್ತದೆ.

ತಿಕ್ಕಲು ಶುರುಮಾಡುವುದು ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿ, ಒಸರು ನಿಂತ ಮೇಲೆ. ಸಣ್ಣ ಹೊಲಿಗೆಗಾದರೆ ಹೊಲಿಗೆ ಬಿಚ್ಚಿ 2ರಿಂದ 3 ವಾರ, ಸಿಸೇರಿಯನ್ನಿಗೆ ವೈದ್ಯರು ನೋಡಿ ಒಪ್ಪಿದ ಮೇಲೆ, ಸುಮಾರು 6 ವಾರ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಲೇಬೇಕು: ಹೊಟ್ಟೆಯ ಹೊಲಿಗೆಯ ಮೇಲೆ ಮೊದಲ ವಾರಗಳಲ್ಲಿ ಎಣ್ಣೆಯೂ ಬೇಡ, ಹೊಯ್ಯುವ ಕೈಯ ಒತ್ತಡವೂ ಬೇಡ. ಒದ್ದೆಯಾಗಿ ಬಾಯಿ ಬಿಟ್ಟ ಹೊಲಿಗೆಯೇ ಮುಂದೆ ಉಬ್ಬುವುದು.

ಕಲೆಗೆ ನಾಲ್ಕೈದು ಹನಿ ಎಣ್ಣೆ ಸಾಕು. ಬೆರಳಿನ ತುದಿಯ ಮೆತ್ತೆಯಿಂದ, ಉಗುರು ತಾಗದಂತೆ, ಕಲೆ ಬಿಳಿಚುವಷ್ಟು ಒತ್ತಿ. ಬರೇ ಸವರಿದರೆ ಪ್ರಯೋಜನವಿಲ್ಲ, ನೋವಾಗುವಷ್ಟು ಉಜ್ಜಿದರೆ ಕೇಡು. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳಿನ ಜೊತೆ ಒಳಗಿನ ಮಾಂಸದ ಮೇಲೆ ಸರಿಯಬೇಕು. ಮೊದಲು ಕಲೆಯ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಸಣ್ಣ ಸುತ್ತುಗಳು. ಒಂದು ಸಲಕ್ಕೆ 5ರಿಂದ 10 ನಿಮಿಷ, ದಿನಕ್ಕೆ 2 ಅಥವಾ 3 ಸಲ. ಒಂದು ಗಂಟೆ ಬಿಟ್ಟು ಒರೆಸಿ ತೆಗೆಯಿರಿ. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು, 6 ತಿಂಗಳಾದರೆ ಇನ್ನೂ ಒಳ್ಳೆಯದು. ಹತ್ತು ದಿನ ಮಾಡಿ ಏನೂ ಆಗಲಿಲ್ಲ ಎನ್ನುವವರೇ ಹೆಚ್ಚು. ಚರ್ಮದ ನಾರು ಮರುನೇಯ್ಗೆಯಾಗುವುದು ತಿಂಗಳುಗಳ ಲೆಕ್ಕದಲ್ಲಿ. ಒತ್ತಿದ ಕೆಂಪು ಮರುದಿನವೂ ಇಳಿಯದಿದ್ದರೆ, ಅಂಚು ಹೊರಗೆ ಹಬ್ಬತೊಡಗಿದರೆ ತಿಕ್ಕುವುದನ್ನು ನಿಲ್ಲಿಸಿ. ಗಡಿ ದಾಟಿದ ಕೀಲಾಯ್ಡಿಗೆ ಗಟ್ಟಿ ತಿಕ್ಕಾಟವೇ ಪೆಟ್ಟು ಬಿದ್ದ ಹಾಗೆ.

ಬಿಸಿಲಿಗೆ ಹೋಗುವವರು ಕಲೆಯನ್ನು ಬಟ್ಟೆಯಿಂದ ಮುಚ್ಚಿಕೊಳ್ಳಲಿ, ಹೊಸ ಕಲೆ ಬಿಸಿಲಿಗೆ ಬೇಗ ಕಪ್ಪಾಗುತ್ತದೆ.

ಔಷಧ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಜೆಲ್ ಹಾಳೆಯನ್ನು ಸೊಪ್ಪಿನ ಮದ್ದಿನ ಎದುರಾಳಿ ಎಂದು ನೋಡಬಾರದು. ಉಬ್ಬಿದ ಕಲೆಗೆ ಮೊದಲು ಸೂಚಿಸುವ ಚಿಕಿತ್ಸೆಯೇ ಅದು. ಅದು ಚರ್ಮದ ತೇವ ಆರಿಹೋಗದಂತೆ ಮುಚ್ಚಿಡುತ್ತದೆ, ತೇವ ಉಳಿದರೆ ಕೊಲಾಜೆನ್ ನೇಯ್ಗೆಯ ಅಬ್ಬರ ತಗ್ಗುತ್ತದೆ. ಎಣ್ಣೆ ಮತ್ತು ಮೇಣದ ಮುಲಾಮು ಮಾಡುವುದೂ ಇದೇ ಜಾತಿಯ ಕೆಲಸ, ಕಡಿಮೆ ಬಲದಲ್ಲಿ. ಎರಡನ್ನೂ ಹೊಂದಿಸಬಹುದು: ಸಂಜೆ ಎಣ್ಣೆ ತಿಕ್ಕಿ, ಸಾಬೂನಿನಿಂದ ತೊಳೆದು, ಚೆನ್ನಾಗಿ ಒರೆಸಿ, ರಾತ್ರಿ ಹಾಳೆ ಅಂಟಿಸಿ. ದಿನಕ್ಕೆ 12 ಗಂಟೆಗಿಂತ ಕಡಿಮೆ ಇಟ್ಟರೆ ಫಲ ಕಡಿಮೆ, 2ರಿಂದ 3 ತಿಂಗಳಾದರೂ ಬೇಕು. ಎಣ್ಣೆಯ ಮೇಲೆ ಹಾಳೆ ಹಿಡಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈ ಆರುವುದೇ ಕಷ್ಟ, ಹೊಟ್ಟೆಯ ಮಡಿಕೆಯ ಕಲೆಗೆ ಎಣ್ಣೆ ಹಚ್ಚಿ ಬಟ್ಟೆ ಬಿಗಿದರೆ ಬೂಸು ಹಿಡಿದು ಕೆಂಪಾಗುತ್ತದೆ. ಆ ತಿಂಗಳುಗಳಲ್ಲಿ ಹಗಲು ಹೊತ್ತು ತಿಕ್ಕಿ ತೊಳೆದು ಆರಲು ಬಿಡಿ.

ಮುಲಾಮು ಬೇಕಾದವರು 100 ಮಿ.ಲೀ. ಸೋಸಿದ ತಿಮರೆ ಎಣ್ಣೆಗೆ 15ರಿಂದ 20 ಗ್ರಾಂ ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಆರುವವರೆಗೆ ಕಲಕಿ. ಬೇಸಿಗೆಗೆ 20 ಗ್ರಾಂ ಬೇಕಾದೀತು. ಮೇಣದಬತ್ತಿಯ ಮೇಣ ಜೇನುಮೇಣವಲ್ಲ. ಮೊಣಕೈ, ಭುಜದಂಥ ಬಟ್ಟೆ ಉಜ್ಜುವ ಜಾಗಕ್ಕೆ ಎಣ್ಣೆಗಿಂತ ಮುಲಾಮು ಮೇಲು.

ಕಾಸರಗೋಡಿನ ಯಾವ ವೈದ್ಯಶಾಲೆಗೆ ಹೋದರೂ ಸಿಗುವ ಮುರಿವೆಣ್ಣ ಬಗ್ಗೆಯೂ ಹೇಳಬೇಕು. ಹೊಂಗೆ, ವೀಳ್ಯದೆಲೆ, ಲೋಳೆಸರ, ನುಗ್ಗೆ, ಹಾಲುವಾಣ, ನೀರುಳ್ಳಿ, ಶತಾವರಿ, ಅಕ್ಕಿ ತೊಳೆದ ನೀರು, ತೆಂಗಿನೆಣ್ಣೆ ಸೇರಿದ ಪಾಕ ಅದು. ಉಳುಕು, ಮುರಿತ, ಸುಟ್ಟಗಾಯಕ್ಕೆ ಅದರ ಹೆಸರು. ಗಾಯ ಬೇಗ ಕೂಡಿದರೆ ಉಬ್ಬುವ ಸಂಭವ ತಗ್ಗುವುದರಿಂದ ಅದಕ್ಕೆ ಇಲ್ಲಿ ಜಾಗವಿದೆ. ಎದ್ದು ನಿಂತ ಕೀಲಾಯ್ಡಿನ ಮದ್ದು ಅದಲ್ಲ. ಅದರಲ್ಲಿ ನೀರುಳ್ಳಿ ಇದೆಯಲ್ಲ ಎಂದು ಹಸಿ ನೀರುಳ್ಳಿ ರಸವನ್ನು ಕಲೆಗೆ ಹಿಂಡಬೇಡಿ. ಪಾಕದಲ್ಲಿ ಖಾರ ಹಾರಿಹೋಗಿರುತ್ತದೆ, ಹಸಿ ರಸದಲ್ಲಿ ಹಾಗೆಯೇ ಇರುತ್ತದೆ. ಬೆಳ್ಳುಳ್ಳಿ ಇನ್ನೂ ಕೆಟ್ಟದ್ದು, ಅರೆದು ಕಟ್ಟಿದರೆ ಕೆಲವೇ ಗಂಟೆಯಲ್ಲಿ ಚರ್ಮ ಸುಡುತ್ತದೆ. ಜಾತ್ಯಾದಿ ತೈಲದ ಪಾಠದಲ್ಲಿ ಮೈಲುತುತ್ತ ಇರುವುದರಿಂದ ಅದನ್ನು ಮನೆಯಲ್ಲಿ ಕಾಯಿಸುವ ಸಾಹಸ ಬೇಡ.

ಲೋಳೆಸರದ ಎಲೆ ಕೊಯ್ದ ಕೂಡಲೇ ಬುಡದಿಂದ ಹಳದಿ ಹಾಲು ಸುರಿಯುತ್ತದೆ, ಅದು ಚರ್ಮ ಕೆರಳಿಸುತ್ತದೆ. ಎಲೆಯನ್ನು ಅರ್ಧ ಗಂಟೆ ನಿಲ್ಲಿಸಿಟ್ಟು, ತೊಳೆದು, ಸಿಪ್ಪೆ ದಪ್ಪಕ್ಕೆ ತೆಗೆದು ಒಳಗಿನ ಲೋಳೆ ಮಾತ್ರ ಹಚ್ಚಿ. ಉರಿ, ತುರಿಕೆಗೆ ತಂಪು. ಉಬ್ಬು ಇಳಿಸುವಷ್ಟು ಬಲ ಅದಕ್ಕಿಲ್ಲ. ಅರಶಿನದ ಹುಡಿಯನ್ನಾಗಲಿ ಕಾಫಿ ಹುಡಿಯನ್ನಾಗಲಿ ತೆರೆದ ಗಾಯಕ್ಕೆ ತುಂಬಬೇಡಿ. ರಕ್ತ ನಿಂತೀತು, ಆದರೆ ಆ ಕಣಗಳು ಒಳಗೇ ಉಳಿದು ಚರ್ಮಕ್ಕೆ ಹೊರಗಿನ ಕಸವಾಗುತ್ತವೆ. ರಕ್ತ ನಿಲ್ಲಿಸಲು ಶುದ್ಧ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇನ್ನು ಸುಡುವ ಮದ್ದುಗಳು. ಸುಣ್ಣ, ಮೈಲುತುತ್ತ, ಗೇರುಬೀಜದ ಸೊನೆ, ಕಾಡುಗೇರಿನ ಎಣ್ಣೆ, ಚಿತ್ರಮೂಲದ ಬೇರು, ಎಕ್ಕದ ಹಾಲು. ನರೂಲಿಗೆ ಇವುಗಳಲ್ಲಿ ಕೆಲವನ್ನು ಹಚ್ಚುವ ರೂಢಿ ಇದೆ, ಅದನ್ನೇ ನೆನಪಿಟ್ಟು ಕಲೆಗೂ ಹಚ್ಚುತ್ತಾರೆ. ನರೂಲಿ ಬೇರೆ, ಇದು ಬೇರೆ. ಗೇರಿನ ಸೊನೆಯಲ್ಲಿರುವ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್, ಚಿತ್ರಮೂಲದ ಪ್ಲಂಬಾಜಿನ್ ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತವೆ. ಬೊಬ್ಬೆ ಒಡೆದು ಗಂಟಿನ ಮೇಲ್ಪದರ ಉದುರಿದಾಗ ಕಲೆ ತೆಳುವಾದ ಹಾಗೆ ಕಾಣುತ್ತದೆ. ಗುಣ ಕಂಡಿತು ಎಂದು ಮತ್ತೊಮ್ಮೆ ಹಚ್ಚುತ್ತಾರೆ. ಆದದ್ದು ಹೊಸ ಸುಟ್ಟಗಾಯ, ಅದೂ ಉಬ್ಬುವ ಗುಣವಿರುವ ಚರ್ಮದಲ್ಲಿ, ಮೊದಲಿಗಿಂತ ಅಗಲವಾದ ಗಡಿಯೊಂದಿಗೆ. ಕೆಲವು ತಿಂಗಳಲ್ಲಿ ಆ ಗಡಿಯಷ್ಟೂ ಎದ್ದು ಬರುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ನಿಂತರೂ ಚರ್ಮ ಸುಟ್ಟು ಕಪ್ಪಾಗುತ್ತದೆ. ಕೀಲಾಯ್ಡಿಗೆ ಉರಿಯುವ ಯಾವ ಮದ್ದೂ ಬೇಡ, ಯಾರು ಕೊಟ್ಟರೂ ಬೇಡ.

ಪಥ್ಯದ ಹೆಸರಿನಲ್ಲಿ ನಡೆಯುವ ಒಂದು ಅನ್ಯಾಯವೂ ಇದೆ. ನಂಜು ಎಂದು ಮೀನು, ಮೊಟ್ಟೆ, ಬೇಳೆ ಎಲ್ಲ ಬಿಡಿಸಿ, ಗಾಯವಾದವರನ್ನು ತಿಂಗಳುಗಟ್ಟಲೆ ಗಂಜಿ, ಉಪ್ಪಿನಕಾಯಿಯಲ್ಲೇ ಇಡುತ್ತಾರೆ. ಪ್ರೋಟೀನ್ ಇಲ್ಲದೆ ಗಾಯ ಕೂಡುವುದು ತಡವಾಗುತ್ತದೆ, ತಡವಾದ ಗಾಯವೇ ಉಬ್ಬುತ್ತದೆ. ತಿಂದಾಗ ತುರಿಕೆ ಹೆಚ್ಚುವ ಒಂದು ವಸ್ತು ನಿಮಗೆ ಗೊತ್ತಿದ್ದರೆ ಅದನ್ನು ಬಿಡಿ. ಹೆಸರುಬೇಳೆ, ಹಾಲು, ಮೀನು ತಿನ್ನುವವರು ಮೀನು, ನೆಲ್ಲಿಕಾಯಿ, ತಿಮರೆ ತಂಬುಳಿ ಊಟದಲ್ಲಿ ಇರಲಿ.

ಕಿವಿ ಚುಚ್ಚುವಾಗಿನ ಜಾಗ್ರತೆ ಸುಶ್ರುತನಲ್ಲೇ ಇದೆ: ತೂತಿಗೆ ಬತ್ತಿ ಇಟ್ಟು, ಎಣ್ಣೆ ಬಿಟ್ಟು, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪ ಬತ್ತಿಗೆ ಬದಲಿಸುವ ಕ್ರಮ. ಹೊಸ ತೂತಿಗೆ ಆಭರಣ ಬಿಗಿಯಾಗಬಾರದು, ಭಾರವಾಗಬಾರದು ಎಂಬುದು ಅದರ ತಿರುಳು. ಈಗಿನ ತೊಂದರೆ ನಿಕ್ಕಲ್ ಬೆರೆತ ಕೃತಕ ಒಡವೆ. ನಿಕ್ಕಲ್ ಒಗ್ಗದ ಕಿವಿ ವಾರಗಟ್ಟಲೆ ಒಸರಿ, ಕೊನೆಗೆ ತೂತಿನ ಹಿಂದೆ ಗೇರುಬೀಜದಷ್ಟು ಗಂಟು ಎಬ್ಬಿಸುತ್ತದೆ. ಗಂಟು ಮೂಡುವಾಗಲೇ ಒಡವೆ ತೆಗೆಯಬೇಕು. ಮನೆಯಲ್ಲಿ ಯಾರಿಗಾದರೂ ಕೀಲಾಯ್ಡ್ ಇದ್ದರೆ ಮಕ್ಕಳಿಗೆ ಎರಡನೇ ತೂತು, ಕಿವಿಯ ಮೇಲಿನ ಗಟ್ಟಿ ಭಾಗದ ತೂತು ಬೇಡವೇ ಬೇಡ.

ಗಂಟು ಬಲಿತ ಮೇಲೆ ಚರ್ಮವೈದ್ಯರೇ ಗತಿ. ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದನ್ನು ಗಂಟಿನೊಳಗೆ 4ರಿಂದ 6 ವಾರಕ್ಕೊಮ್ಮೆ ಕೊಡುತ್ತಾರೆ. ಕಿವಿಯ ಗಂಟನ್ನು ಕತ್ತರಿಸಿದರೆ ಜೊತೆಗೆ ಚುಚ್ಚುಮದ್ದು, ಒತ್ತುವ ಕ್ಲಿಪ್ಪು ಅಥವಾ ವಿಕಿರಣವನ್ನೂ ಸೇರಿಸುತ್ತಾರೆ. ಚುಚ್ಚುಮದ್ದಿನ ಜಾಗದಲ್ಲಿ ಚರ್ಮ ತೆಳುವಾಗುವುದರಿಂದ ಆ ದಿನಗಳಲ್ಲಿ ಎಣ್ಣೆ ಸವರಿದರೆ ಸಾಕು, ಒತ್ತಬೇಡಿ. ಎರಡು ಪದ್ಧತಿ ಸೇರುವುದು ಈ ಊರಿಗೆ ಹೊಸದಲ್ಲ. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿಗೆ ಆಯುರ್ವೇದ, ಅಲೋಪತಿ ಎರಡನ್ನೂ ಕೂಡಿಸಿಯೇ ಚಿಕಿತ್ಸೆ ಕೊಡುತ್ತಾ ಬಂದಿದೆ. ಮೊಣಕೈ, ಬೆರಳು, ಕುತ್ತಿಗೆಯ ಸುಟ್ಟಕಲೆ ಕೀಲನ್ನು ಎಳೆದು ಹಿಡಿಯತೊಡಗಿದರೆ, ಹಳೆಯ ಸುಟ್ಟಕಲೆಯಲ್ಲಿ ಒಣಗದ ಹುಣ್ಣು ಬಂದರೆ, ಗಾಯವೇ ಆಗದ ಜಾಗದಲ್ಲಿ ಗಂಟು ಬೆಳೆದರೆ, ಸ್ಪರ್ಶ ತಿಳಿಯದಿದ್ದರೆ ಎಣ್ಣೆಯ ಬಾಟಲಿ ಮುಚ್ಚಿಟ್ಟು ಆ ವಾರವೇ ತೋರಿಸಿ.

ಕಲೆ ಇಳಿಯುತ್ತಿದೆಯೋ ಬೆಳೆಯುತ್ತಿದೆಯೋ ಎಂದು ದಿನಾ ಕನ್ನಡಿ ನೋಡಿದರೆ ತಿಳಿಯುವುದಿಲ್ಲ. ತೊಳೆದು ಒಣಗಿಸಿದ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ಕಲೆಯ ಮೇಲಿಟ್ಟು, ಮಾರ್ಕರ್ ಪೆನ್ನಿನಿಂದ ಅಂಚು ಗೀಚಿ ತೇದಿ ಬರೆಯಿರಿ. ತಿಂಗಳಿಗೊಂದು ತುಂಡು. ಪಕ್ಕದಲ್ಲಿ ನಾಣ್ಯ ಇಟ್ಟು, ಬದಿಯಿಂದ ಒಂದು ಫೋಟೋ ತೆಗೆದರೆ ಎತ್ತರವೂ ಗೊತ್ತಾಗುತ್ತದೆ. ಮೂರನೇ ತಿಂಗಳ ಗೆರೆ ಮೊದಲನೆಯದರ ಹೊರಗೆ ಬಿದ್ದಿದ್ದರೆ ತಿಕ್ಕುವುದನ್ನು ನಿಲ್ಲಿಸಿ, ಆ ತುಂಡುಗಳನ್ನೂ ಹಚ್ಚಿದ ಎಣ್ಣೆಯ ಬಾಟಲಿಯನ್ನೂ ಜೊತೆಗೇ ವೈದ್ಯರ ಬಳಿಗೆ ಒಯ್ಯಿರಿ.